ಬೆರಳಿಗೆ ಮೊದಲು ಕೈ: ಪಿಯಾನೋ ಕಲಿಸುತ್ತ ನಾನು ಕಲಿತ ಪಾಠಗಳು

ಬಳ್ಳಾರಿಯ ಪಾರ್ವತಿನಗರದಲ್ಲಿ ಹಾರ್ಮೋನಿಯಂ, ಕೀಬೋರ್ಡ್, ಪಿಯಾನೋ ಕಲಿಸುತ್ತೇನೆ. ನಮ್ಮೂರು ಹೆಸರಾದದ್ದು ನಾಟಕಕ್ಕೆ; ಇದು ರಂಗನಟ ಬಳ್ಳಾರಿ ರಾಘವರ ಊರು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ 'ರಕ್ತರಾತ್ರಿ'ಯಂಥ ನಾಟಕ ಆಡಬೇಕೆಂದರೆ ಊರವರು ಮೊದಲು ಗೊತ್ತುಮಾಡುವುದು ಹಾರ್ಮೋನಿಯಂ ಮಾಸ್ತರರನ್ನು. ನಾನು ಬಂದದ್ದೂ ಅದೇ ದಾರಿಯಲ್ಲಿ. ಕಾಲು ಹಾರ್ಮೋನಿಯಂ ಮೇಲೆ ರಂಗಗೀತೆ ನುಡಿಸಿ ಪಳಗಿದ ಕೈ ಪಿಯಾನೋ ಮುಟ್ಟಿದ್ದು ತಡವಾಗಿ. ಆ ಕೈಯೊಳಗೆ ಏನಿದೆ ಎಂದು ತಿಳಿದದ್ದು ಅದಕ್ಕಿಂತಲೂ ತಡವಾಗಿ. ತಿಳಿಸಿದವರು ನನ್ನ ಶಿಷ್ಯರೇ. 1961ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಊರಲ್ಲಿರುವುದರಿಂದ ಅಲ್ಲಿ ಓದುವ ಹುಡುಗ ಹುಡುಗಿಯರು ಸಂಜೆ ಸಂಗೀತಕ್ಕೆ ಬರುತ್ತಾರೆ. ಅಂಗರಚನಾಶಾಸ್ತ್ರ ಓದುತ್ತಿದ್ದ ಅವರು ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಪುಸ್ತಕ ಇಸಿದುಕೊಂಡು, ಅವರಿಂದಲೇ ಅರ್ಥ ಹೇಳಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಲಿಸುವವರಿಗೂ ಮಕ್ಕಳನ್ನು ಕಲಿಯಲು ಕಳಿಸುವವರಿಗೂ ಉಪಯೋಗವಾದರೆ ಸಾಕು.

1. ಬೆರಳನ್ನು ಆಡಿಸುವ ಸ್ನಾಯು ಬೆರಳಲ್ಲಿಲ್ಲ.

ಕಲಿಸಲು ಶುರುಮಾಡಿದ ಕಾಲದಲ್ಲಿ ಮಕ್ಕಳ ಬೆರಳು ಗಟ್ಟಿಯಾಗಲಿ ಎಂದು ರಬ್ಬರ್ ಚೆಂಡು ಹಿಸುಕಿಸುತ್ತಿದ್ದೆ. ಹಿಸುಕಿದ ಮಕ್ಕಳು ನುಡಿಸಲು ಕೂತರೆ ಕೈ ಮೊದಲಿಗಿಂತ ಬಿಗಿ. ಸರಳೆ ವರಸೆ ಎರಡನೇ ಕಾಲಕ್ಕೇ ತೊಡರುತ್ತಿತ್ತು. ಒಂದು ಕೈಯಲ್ಲಿ 27 ಮೂಳೆಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಆದರೆ ಗೆಣ್ಣುಗಳನ್ನು ಮಡಚಿ ಬಿಡಿಸುವ ಸ್ನಾಯು ಬೆರಳೊಳಗೆ ಒಂದೂ ಇಲ್ಲ. ದೊಡ್ಡ ಸ್ನಾಯುಗಳು ಮೊಣಕೈ ಕೆಳಗೆ ಮುಂಗೈಯಲ್ಲಿವೆ, ಚಿಕ್ಕವು ಅಂಗೈಯಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಬೆರಳ ಮೂಳೆಗಳನ್ನು ಎಳೆಯುತ್ತವೆ. ಬಲ ಮುಂಗೈಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳು ಆಡಿಸಿ ನೋಡಿ, ಕೆಲಸ ನಡೆಯುತ್ತಿರುವ ಜಾಗ ಅಂಗೈಗೇ ತಿಳಿಯುತ್ತದೆ. ಚೆಂಡು ಹಿಸುಕುವಾಗ ಎಲ್ಲ ಬೆರಳೂ ಒಟ್ಟಿಗೆ ಬಿಗಿಯುತ್ತವೆ, ಮಡಚುವ ಸ್ನಾಯುವಿನ ಜೊತೆ ಬಿಡಿಸುವ ಸ್ನಾಯುವೂ ಬಿಗಿಯುತ್ತದೆ. ನುಡಿಸುವುದಕ್ಕೆ ಬೇಕಾದದ್ದು ಇದರ ವಿರುದ್ಧ: ಒಂದು ಬೆರಳು ಕೆಲಸ ಮಾಡುವಾಗ ಉಳಿದವು ಸಡಿಲವಾಗಿರಬೇಕು, ಕೆಲಸ ಮುಗಿದ ಕೂಡಲೇ ಅದೂ ಸಡಿಲಬೇಕು. ನಾನು ಮಕ್ಕಳಿಗೆ ಕಲಿಸುತ್ತಿದ್ದದ್ದು ಬಿಗಿತವನ್ನು. ಈಗ ಪಾಠಕ್ಕೆ ಮುಂಚೆ ಎರಡೂ ತೋಳುಗಳನ್ನು ಜೋತುಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸುತ್ತೇನೆ. ಚೆಂಡು ಹಿಸುಕಿ ಬಾರದೆ ಇದ್ದ ವೇಗ ಈ ಸಡಿಲದಿಂದ ಬಂತು.

2. ಉಂಗುರ ಬೆರಳಿಗೆ ಸೋಮಾರಿತನ ಇಲ್ಲ, ಅದರ ಕಟ್ಟೇ ಹಾಗೆ.

ಉಂಗುರ ಬೆರಳು ಮೇಲೇಳದ ಮಕ್ಕಳಿಗೆ ಉಳಿದ ನಾಲ್ಕು ಬೆರಳನ್ನು ಒತ್ತಿ ಹಿಡಿಸಿ ಅದೊಂದನ್ನೇ ಎತ್ತಿಸುತ್ತಿದ್ದೆ. "ಎತ್ತು, ಇನ್ನೂ ಎತ್ತು" ಎನ್ನುತ್ತಿದ್ದೆ. ಒಬ್ಬ ಹುಡುಗನ ಕಣ್ಣಲ್ಲಿ ನೀರು ಬಂದಾಗಲೂ ಅದು ಅಭ್ಯಾಸದ ಕೊರತೆ ಎಂದೇ ತಿಳಿದೆ. ಆ ಅಪರಾಧಭಾವ ಇನ್ನೂ ಇದೆ. ಅಂಗೈಯನ್ನು ಮೇಜಿನ ಮೇಲೆ ಕವುಚಿಟ್ಟು, ನಡುಬೆರಳನ್ನು ಒಳಕ್ಕೆ ಮಡಚಿ, ಉಂಗುರ ಬೆರಳು ಎತ್ತಲು ನೋಡಿ, ಅದು ಏಳುವುದಿಲ್ಲ. ಬೆರಳನ್ನು ಮೇಲೆತ್ತುವ ರಜ್ಜುಗಳ ನಡುವೆ ಕೈಯ ಹಿಂಬದಿಯಲ್ಲಿ ಅಡ್ಡಪಟ್ಟಿಗಳಿವೆ. ಅವು ಉಂಗುರ ಬೆರಳನ್ನು ಅಕ್ಕಪಕ್ಕದವಕ್ಕೆ ಕಟ್ಟಿಹಾಕಿವೆ. ಎಷ್ಟು ಅಭ್ಯಾಸ ಮಾಡಿದರೂ ಪಟ್ಟಿ ಕರಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಪಿಯಾನೋ ವಾದಕರಿಗೆಂದು ಈ ಪಟ್ಟಿಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ನಡೆಯಿತು. ಜರ್ಮನಿಯ ಸಂಗೀತಕಾರ ರಾಬರ್ಟ್ ಶೂಮನ್ 1830ರ ಸುಮಾರಿಗೆ ಬೆರಳು ಬಲಪಡಿಸಲು ಒಂದು ಸಾಧನ ಬಳಸಿದರು. ಅವರ ಬಲಗೈ ಕೆಟ್ಟದ್ದಕ್ಕೆ ಅದೇ ಕಾರಣವೋ ಅಲ್ಲವೋ ಎಂಬ ಚರ್ಚೆ ಇದೆ, ಆದರೆ ವಾದಕನಾಗುವ ಆಸೆಯನ್ನು ಅವರು ಬಿಡಬೇಕಾಯಿತು. ಕಿರುಬೆರಳ ಕಡೆಯ ಸ್ವರ ಸೊರಗಿದರೆ ಈಗ ಬೆರಳನ್ನು ಎತ್ತಿಸುವುದಿಲ್ಲ. ಮುಂಗೈಯನ್ನು ಆ ಕಡೆಗೆ ತುಸು ತಿರುಗಿಸು ಎನ್ನುತ್ತೇನೆ. ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಸುತ್ತ ಹೊರಳುವುದರಿಂದ ಈ ತಿರುಗು ಸಲೀಸು. ತೋಳಿನ ಭಾರ ಆ ಬೆರಳಿನ ಹಿಂದೆ ಬಂದು ನಿಲ್ಲುತ್ತದೆ.

3. ಕೈಯ ಕಮಾನು ಬೆರಳ ತುದಿಯಲ್ಲಿಲ್ಲ, ಬುಡದಲ್ಲಿದೆ.

"ನಿಂಬೆಹಣ್ಣು ಹಿಡಿದ ಹಾಗೆ ಕೈ ಬಾಗಿರಲಿ" ಎಂದು ನಾನೂ ಹೇಳಿಕೊಡುತ್ತಿದ್ದೆ. ಮಕ್ಕಳು ನಿಂಬೆಹಣ್ಣು ಬೀಳದಂತೆ ತುದಿಗೆಣ್ಣುಗಳನ್ನು ಮುದುರಿ ಹಿಡಿಯುತ್ತಿದ್ದರು. ಬುಡದ ಗೆಣ್ಣುಗಳು ಒಳಕ್ಕೆ ಕುಸಿಯುತ್ತಿದ್ದವು. ಮುದುರಿದ್ದನ್ನು ನೋಡಿ ಸರಿಯಾಗಿದೆ ಎಂದೆ, ಕುಸಿದದ್ದನ್ನು ಗಮನಿಸಲಿಲ್ಲ. ಅಂಗೈಯೊಳಗೆ ಮೂಳೆಗಳ ನಡುವೆಯೂ ರಜ್ಜುಗಳ ಬದಿಯಲ್ಲೂ ಚಿಕ್ಕ ಚಿಕ್ಕ ಸ್ನಾಯುಗಳಿವೆ. ಬುಡದ ಗೆಣ್ಣನ್ನು ಬಾಗಿಸಿ ಮುಂದಿನ ಎರಡು ಗೆಣ್ಣುಗಳನ್ನು ನೀಳವಾಗಿಡುವುದು ಅವುಗಳ ಕೆಲಸ. ಅವುಗಳ ಬೆಲೆ ನನಗೆ ತಿಳಿದದ್ದು ಒಬ್ಬ ವೈದ್ಯ ವಿದ್ಯಾರ್ಥಿನಿ ಕುಷ್ಠರೋಗದ ಬಗ್ಗೆ ಹೇಳಿದಾಗ. ಆ ರೋಗದಲ್ಲಿ ಮೊಣಕೈ ಹಿಂದೆ ಹಾದುಬರುವ ನರ ಹಾಳಾದರೆ ಈ ಚಿಕ್ಕ ಸ್ನಾಯುಗಳು ಸತ್ತಂತಾಗುತ್ತವೆ. ಬುಡದ ಗೆಣ್ಣು ಹಿಂದಕ್ಕೆ ಬಾಗಿ, ತುದಿ ಒಳಕ್ಕೆ ಮುದುರುತ್ತದೆ. ಮುಂಗೈಯ ದೊಡ್ಡ ಸ್ನಾಯುಗಳು ಸರಿಯಾಗಿಯೇ ಇದ್ದರೂ ಆ ಕೈಗೆ ಲೋಟ ಹಿಡಿಯುವುದು ಕಷ್ಟ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಅಂಥ ಕೈಗಳಲ್ಲಿ ಚೆನ್ನಾಗಿರುವ ರಜ್ಜುವನ್ನು ಜಾಗ ಬದಲಿಸಿ ಜೋಡಿಸಿದರು. ಎಷ್ಟೋ ಜನ ಮತ್ತೆ ಕೈಕೆಲಸಕ್ಕೆ ಮರಳಿದರು. ಕಾಣದ ಈ ಸ್ನಾಯುಗಳು ಇಷ್ಟು ದೊಡ್ಡ ಕೆಲಸ ಮಾಡುತ್ತವೆಂದು ತಿಳಿದ ಮೇಲೆ ಹಣ್ಣಿನ ಮಾತು ಬಿಟ್ಟೆ. ತೋಳನ್ನು ಪಕ್ಕಕ್ಕೆ ಇಳಿಬಿಟ್ಟಾಗ ಕೈಗೆ ತಾನಾಗಿ ಬರುವ ಬಾಗು ಇದೆಯಲ್ಲ, ಅದನ್ನೇ ಎತ್ತಿ ಕೀಗಳ ಮೇಲೆ ಇಡಲು ಹೇಳುತ್ತೇನೆ.

4. ಹೆಬ್ಬೆರಳು ಮಣಿಕಟ್ಟಿನ ಪಕ್ಕದಿಂದಲೇ ಶುರುವಾಗುತ್ತದೆ.

ಹಾರ್ಮೋನಿಯಂ ಮೇಲೆ ನಾನು ಹೆಬ್ಬೆರಳನ್ನು ಬಹಳ ಮಟ್ಟಿಗೆ ಹೊರಗಿಟ್ಟೇ ನುಡಿಸುತ್ತಿದ್ದೆ. ಪಿಯಾನೋದಲ್ಲಿ ಏಳೂ ಸ್ವರ ಒಂದೇ ಓಟದಲ್ಲಿ ಹೋಗಬೇಕಾದರೆ ಹೆಬ್ಬೆರಳು ಕೈಯಡಿ ನುಸುಳಬೇಕು ಎಂದು ಪುಸ್ತಕ ಹೇಳಿತು. ನುಸುಳಿಸಿದೆ, ಮಕ್ಕಳಿಂದಲೂ ನುಸುಳಿಸಿದೆ. ಪ್ರತಿ ಸಲ ಮೊಣಕೈ ಹೊರಕ್ಕೆ ಚಾಚಿಕೊಳ್ಳುತ್ತಿತ್ತು, ನುಸುಳಿದ ಸ್ವರ ಮಾತ್ರ ಜೋರಾಗಿ ಕೇಳುತ್ತಿತ್ತು. ಹೆಬ್ಬೆರಳು ಎರಡು ಗೆಣ್ಣಿನ ತುಂಡು ಬೆರಳು ಎಂದೇ ನನ್ನ ಎಣಿಕೆಯಾಗಿತ್ತು. ನಿಜಕ್ಕೂ ಅದರ ಮುಖ್ಯ ಕೀಲು ಮಣಿಕಟ್ಟಿನ ಹತ್ತಿರ ಇದೆ. ಕುದುರೆ ಜೀನಿನ ಆಕಾರದ ಆ ಕೀಲಿನಿಂದಾಗಿ ಅದು ಮುಂದೆ ಹಿಂದೆ, ಅಕ್ಕ ಪಕ್ಕ, ಎರಡೂ ಕಡೆ ಚಲಿಸಬಲ್ಲದು. ಆದರೆ ಅಂಗೈಯಡಿ ಪೂರ್ತಿ ಹೋಗಿ ಅಲ್ಲಿಂದ ಕೆಳಕ್ಕೆ ಒತ್ತುವಾಗ ಅದಕ್ಕೆ ಹಿಡಿತ ಕಡಿಮೆ. ನಿಧಾನಗತಿಯಲ್ಲಿ ಸ್ವಲ್ಪ ನುಸುಳಿದರೆ ಅಡ್ಡಿಯಿಲ್ಲ. ವೇಗದಲ್ಲಿ ತೋಳೇ ಪಕ್ಕಕ್ಕೆ ಸರಿದು ಹೆಬ್ಬೆರಳನ್ನು ಹೊಸ ಜಾಗಕ್ಕೆ ಒಯ್ಯಬೇಕು. ಇಷ್ಟು ತಿಳಿಯುವ ಮುಂಚೆ ಹಲವು ಮಕ್ಕಳು ಸ್ಕೇಲ್ ಎಂದರೆ ಬೇಸರಪಡುವಂತೆ ಮಾಡಿದೆ.

5. ಉದ್ದ ಬೆರಳಿಗೆ ಕರಿ ಕೀ ಕೊಡಿ.

ಬಿಳಿ ಕೀಗಳಷ್ಟೇ ಇರುವ ಸಿ ಮೇಜರ್ ಸುಲಭ ಎಂದು ಎಲ್ಲರಿಗೂ ಅಲ್ಲಿಂದಲೇ ಶುರುಮಾಡಿಸುತ್ತಿದ್ದೆ. ಓದಲು ಅದು ಸುಲಭ, ಕೈಗೆ ಅಲ್ಲ. ನಡುಬೆರಳು ಉದ್ದ, ಹೆಬ್ಬೆರಳು ಗಿಡ್ಡ. ಎಲ್ಲವನ್ನೂ ಒಂದೇ ಸಾಲಿನ ಬಿಳಿ ಕೀಗಳ ಮೇಲೆ ಕೂರಿಸಬೇಕಾದರೆ ಉದ್ದದವು ಮುದುರಿಕೊಳ್ಳಬೇಕು. ಪಿಯಾನೋ ಸಂಗೀತಕಾರ ಶೋಪೆನ್ ತಮ್ಮ ಶಿಷ್ಯರ ಕೈಯನ್ನು ಮೊದಲು ಇಡಿಸುತ್ತಿದ್ದದ್ದು ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಮೇಲೆ. ಹೆಬ್ಬೆರಳು ಕಿರುಬೆರಳು ಬಿಳಿಯ ಮೇಲೆ, ನಡುವಿನ ಮೂರು ಉದ್ದ ಬೆರಳು ಎತ್ತರದ ಕರಿಯ ಮೇಲೆ. ಇದನ್ನು ಓದಿದಾಗ ನಾಚಿಕೆಯಾಯಿತು, ಯಾಕೆಂದರೆ ನನಗೆ ಇದು ಮೊದಲೇ ಗೊತ್ತಿರಬೇಕಿತ್ತು. ನಾಟಕದಲ್ಲಿ ಹಾಡುವವರು ಕರಿ ಒಂದು ಎಂದರೆ ಕರಿ ಒಂದು, ಬಿಳಿ ನಾಲ್ಕು ಎಂದರೆ ಬಿಳಿ ನಾಲ್ಕು. ಶ್ರುತಿ ಅವರದ್ದು, ನುಡಿಸುವ ಕೈ ನಮ್ಮದು. ಕರಿ ಹೆಚ್ಚಿರುವ ಶ್ರುತಿಗಳಲ್ಲಿ ಕೈ ಹಾಯಾಗಿ ಓಡುವುದನ್ನು ರಾತ್ರಿಯಿಡೀ ನುಡಿಸಿ ಅನುಭವಿಸಿದ್ದೆ. ಆ ಅನುಭವವನ್ನು ಪಾಠಕ್ಕೆ ತರಲಿಲ್ಲ, ಪುಸ್ತಕದ ಮೊದಲ ಪುಟವನ್ನೇ ನಂಬಿದೆ. ಈಗ ಪುಸ್ತಕ ತೆರೆಯುವ ಮೊದಲು ಶೋಪೆನ್ ಹೇಳಿದ ಜಾಗದಲ್ಲಿ ಮಕ್ಕಳ ಕೈ ಇಡಿಸುತ್ತೇನೆ.

6. ಮಣಿಕಟ್ಟು ಇಕ್ಕಟ್ಟಿನ ದಾರಿ, ಅದನ್ನು ಮಡಚಬೇಡಿ.

ಜೀನ್ಸ್ ಹೊಲಿಗೆ ನಮ್ಮೂರಿನ ದೊಡ್ಡ ಕಸುಬು. ಅಂಥ ಒಂದು ಘಟಕದಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಕೀಬೋರ್ಡ್ ಕಲಿಯಲು ಬರುತ್ತಿದ್ದಳು. "ಬೆರಳು ಜುಮ್ ಅಂತಾವ್ರಿ ಸರ್" ಎಂದಳು. ಮನೆಯಲ್ಲಿ ಅಭ್ಯಾಸ ಕಡಿಮೆ ಎಂದು ನಾನೇ ತೀರ್ಮಾನಿಸಿ ಹೆಚ್ಚು ಹೊತ್ತು ನುಡಿಸಲು ಹೇಳಿದೆ. ಆಕೆ ಕೂರುತ್ತಿದ್ದ ಸ್ಟೂಲ್ ಗಿಡ್ಡ. ಕೈ ಕೀಗಳಿಗೆ ಜೋತುಬಿದ್ದು ಮಣಿಕಟ್ಟು ಪೂರ್ತಿ ಮಡಚಿಕೊಂಡಿತ್ತು. ದಿನವಿಡೀ ದಪ್ಪ ಬಟ್ಟೆಯನ್ನು ಸೂಜಿಯಡಿ ತಳ್ಳಿದ ಕೈ ಅದು. ಮಣಿಕಟ್ಟಿನ ಒಳಮೈಯಲ್ಲಿ ಮೂಳೆ ಮತ್ತು ಒಂದು ಗಟ್ಟಿ ಪಟ್ಟಿಯ ನಡುವಿನ ಸಣ್ಣ ಸಂದಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳು, ಜೊತೆಗೆ ಒಂದು ನರ ಹಾದುಹೋಗುತ್ತವೆ. ಮಣಿಕಟ್ಟು ಮಡಚಿದಷ್ಟೂ ಅಲ್ಲಿ ಒತ್ತಡ ಹೆಚ್ಚು. ನರ ಒತ್ತಿದರೆ ಬೆರಳು ಜುಮ್ಮೆನ್ನುತ್ತವೆ, ಮರಗಟ್ಟುತ್ತವೆ. ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಚಿ ಮುಷ್ಟಿ ಬಿಗಿಯಲು ನೋಡಿ, ಬಲವೇ ಬರುವುದಿಲ್ಲ. ಆಕೆ ವೈದ್ಯರ ಹತ್ತಿರ ಹೋಗಿ ಕೆಲವು ವಾರ ವಿಶ್ರಾಂತಿ ಪಡೆದಳು. ಕುರ್ಚಿ ಎತ್ತರಿಸಿ ಮೊಣಕೈಯನ್ನು ಕೀಗಳ ಮಟ್ಟಕ್ಕೆ ತಂದ ಮೇಲೆ ನುಡಿಕೆಯೂ ಹಗುರವಾಯಿತು. ಕೈಗೆ ಪಾಠದ ಗಂಟೆಯ ಹೊರಗೂ ಬದುಕಿದೆ ಎಂಬುದನ್ನು ಆಕೆಯಿಂದ ಕಲಿತೆ. ಮೆಣಸಿನಕಾಯಿ ಬಿಡಿಸುವ ಕಾಲವೋ ಭತ್ತ ನಾಟಿಯ ಕಾಲವೋ ಎಂದು ಹಳ್ಳಿಯಿಂದ ಬರುವವರನ್ನು ಈಗ ಮೊದಲೇ ಕೇಳುತ್ತೇನೆ.

7. ಕೀ ತಳ ಮುಟ್ಟಿದ ಮೇಲೆ ಒತ್ತುವುದು ವ್ಯರ್ಥ.

ಹಾರ್ಮೋನಿಯಂನಲ್ಲಿ ಸ್ವರದ ಜೋರು ಗಾಳಿಯಿಂದ ಬರುತ್ತದೆ, ಬೆರಳು ಬಾಗಿಲು ತೆರೆಯುತ್ತದೆ ಅಷ್ಟೆ. ತೆರೆದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಆ ಅಭ್ಯಾಸದ ಕೈಯಿಂದ ಪಿಯಾನೋ ನುಡಿಸುವಾಗ ಉದ್ದನೆಯ ಸ್ವರಗಳನ್ನು ಒತ್ತಿ ಹಿಡಿದೇ ಇರುತ್ತಿದ್ದೆ. ಭಾವ ಹೆಚ್ಚಾದ ಕಡೆ ಇನ್ನೂ ಒತ್ತುತ್ತಿದ್ದೆ. ಸಂಜೆಗೆ ಮುಂಗೈ ಕಲ್ಲಾಗುತ್ತಿತ್ತು. ಪಿಯಾನೋದ ಕೀ ಕೆಳಗೆ ಹೋಗುವುದು ಸುಮಾರು 10 ಮಿಲಿಮೀಟರ್. ಅದನ್ನು ಇಳಿಸಲು ಸುಮಾರು 50 ಗ್ರಾಂ ಭಾರ ಸಾಕು. ಕೀ ತಳ ಮುಟ್ಟುವ ಹೊತ್ತಿಗೆ ಸುತ್ತಿಗೆ ತನ್ನ ಪಾಡಿಗೆ ತಂತಿಯ ಕಡೆ ಹೊರಟಾಗಿರುತ್ತದೆ. ಜೋರು ಮೆದು ಎಲ್ಲ ಸುತ್ತಿಗೆಯ ವೇಗದಲ್ಲಿ ತೀರ್ಮಾನವಾಗಿರುತ್ತದೆ. ಆಮೇಲೆ ಕೀ ಏಳದಂತೆ ಬೆರಳು ಅದರ ಮೇಲೆ ವಿಶ್ರಮಿಸಿದರೆ ಸಾಕು. ಈ ಒಂದು ಸಂಗತಿ ತಿಳಿದ ಮೇಲೆ ನನ್ನ ಮುಂಗೈ ನೋವು ಹೋಯಿತು. ರಂಗಗೀತೆಯ ಕೈಗೂ ಪಿಯಾನೋ ಕೈಗೂ ಜಗಳವಿಲ್ಲ, ಎರಡರ ಯಂತ್ರ ಬೇರೆ ಎಂದು ಹೇಳಿಕೊಟ್ಟರೆ ಹಾರ್ಮೋನಿಯಂ ಮಾಸ್ತರರು ಬಹಳ ಬೇಗ ಪಿಯಾನೋಗೆ ಹೊಂದಿಕೊಳ್ಳುತ್ತಾರೆ.

8. ಚಿಕ್ಕ ಕೈಯನ್ನು ಹಿಗ್ಗಿಸಬೇಡಿ, ಸ್ವರವನ್ನು ಬಿಡಿಸಿ.

ಪಿಯಾನೋದಲ್ಲಿ ಒಂದು ಷಡ್ಜದಿಂದ ಮೇಲಿನ ಷಡ್ಜಕ್ಕೆ ಸುಮಾರು 16.5 ಸೆಂಟಿಮೀಟರ್. ಯೂರೋಪಿನಲ್ಲಿ ನೆಲೆಗೊಂಡ ಆ ಅಳತೆ ನಮ್ಮ ಎಷ್ಟೋ ಹೆಣ್ಣುಮಕ್ಕಳ ಕೈಗೆ ದೊಡ್ಡದು. ಪಿಯಾನೋ ಲೋಕದ ದೊಡ್ಡ ಹೆಸರಾದ ಯೋಸೆಫ್ ಹಾಫ್‌ಮನ್ ಕೂಡ ತಮ್ಮ ಸಣ್ಣ ಕೈಗೆಂದು ಕಿರಿದಾದ ಕೀಗಳ ಸ್ಟೈನ್‌ವೇ ಪಿಯಾನೋ ಮಾಡಿಸಿಕೊಂಡಿದ್ದರು. ನನ್ನ ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ರಷ್ಯಾದ ಸಂಗೀತಕಾರ ಮೆಡ್ನರ್ ಅವರ ಕೃತಿ ನುಡಿಸುವ ಆಸೆ ಹುಟ್ಟಿತು. ಕಾರಣ ನಮ್ಮ ಮೈಸೂರು: ಸ್ವತಃ ಪಿಯಾನೋ ಕಲಿತಿದ್ದ ಜಯಚಾಮರಾಜೇಂದ್ರ ಒಡೆಯರ್ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟು, ವಯಸ್ಸಾದ ಮೆಡ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸುವಂತೆ ಮಾಡಿದರು, ಮೆಡ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದರು. ಆ ಸಂಗೀತದಲ್ಲಿ ದಟ್ಟವಾದ ಸ್ವರಗುಚ್ಛಗಳು ಬಹಳ. ಅವಳ ಬೆರಳುಗಳನ್ನು ಮೇಜಿನ ಅಂಚಿಗೆ ಒತ್ತಿ ಹಿಗ್ಗಿಸುವ ಅಭ್ಯಾಸ ಕೊಟ್ಟೆ. ಹಿಗ್ಗಿದ್ದು ಕೈಯಲ್ಲ, ನೋವು. ಬೆಳೆದ ಮೂಳೆ ಉದ್ದವಾಗುವುದಿಲ್ಲ. ಕೀಲು ಕಟ್ಟುವ ತಂತುಗಳನ್ನು ಎಳೆದರೆ ಅವು ಸಡಿಲವಾಗಿ ಕೀಲೇ ದುರ್ಬಲವಾಗುತ್ತದೆ. ಕೊನೆಗೆ ಗುಚ್ಛಗಳನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸಿ ನುಡಿಸಿದಳು, ಕೆಲವು ಸ್ವರಗಳನ್ನು ಎಡಗೈಗೆ ಕೊಟ್ಟಳು. ಕೇಳಲು ಚೆನ್ನಾಗಿತ್ತು, ಮತ್ತು ಅವಳದ್ದೇ ಆಗಿತ್ತು.

9. ನೋವು ಸಾಧನೆಯ ಗುರುತಲ್ಲ.

ಇದು ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು. ಗ್ರೇಡ್ ಪರೀಕ್ಷೆ ಹತ್ತಿರ ಬಂದಾಗ ಒಬ್ಬ ಹುಡುಗಿ ಹೆಬ್ಬೆರಳ ಬುಡದಲ್ಲಿ ನೋವು ಎಂದಳು. ಪರೀಕ್ಷೆ ಮುಗಿಯಲಿ, ತಾನೇ ಹೋಗುತ್ತದೆ ಎಂದೆ. ಪರೀಕ್ಷೆ ಮುಗಿಯಿತು, ನೋವು ಹೋಗಲಿಲ್ಲ. ಪೆನ್ನು ಹಿಡಿಯಲೂ ಕಷ್ಟವಾಯಿತು. ಹೆಬ್ಬೆರಳನ್ನು ಹೊರಕ್ಕೆ ಎಳೆಯುವ ರಜ್ಜುಗಳು ಮಣಿಕಟ್ಟಿನ ಪಕ್ಕ ಒಂದು ಕಿರಿದಾದ ಕೊಳವೆಯಲ್ಲಿ ಹಾದುಹೋಗುತ್ತವೆ. ಅಲ್ಲಿ ಕೊಳವೆ ದಪ್ಪವಾಗಿ ರಜ್ಜು ಉಜ್ಜಿದರೆ ಬರುವ ನೋವನ್ನು ಸ್ವಿಟ್ಜರ್‌ಲೆಂಡಿನ ವೈದ್ಯ ಡಿ ಕೆರ್ವೆನ್ 1895ರಲ್ಲೇ ವಿವರಿಸಿದ್ದರು. ಸ್ನಾಯುವಿಗೆ ಹೋಲಿಸಿದರೆ ರಜ್ಜುಗಳಿಗೆ ರಕ್ತ ಪೂರೈಕೆ ಕಡಿಮೆ, ಆದ್ದರಿಂದ ಗಾಯ ಮಾಯುವುದೂ ನಿಧಾನ. ಕೈ ಕೆಡುವುದು ಕಲಿಯುವ ಮಕ್ಕಳದ್ದು ಮಾತ್ರವಲ್ಲ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರ ಬಲಗೈಯ ಕೊನೆಯ ಎರಡು ಬೆರಳು 1960ರ ದಶಕದ ಮಧ್ಯದಲ್ಲಿ ತಾವಾಗಿ ಒಳಕ್ಕೆ ಮುದುರಲಾರಂಭಿಸಿದವು. ಹಲವು ದಶಕ ಅವರು ಎಡಗೈಯ ಕೃತಿಗಳನ್ನೇ ನುಡಿಸಿ, ಶಿಷ್ಯರಿಗೆ ಕಲಿಸಿ, ಚಿಕಿತ್ಸೆಯ ನಂತರ ಎರಡೂ ಕೈಯಿಂದ ವೇದಿಕೆಗೆ ಮರಳಿದರು. ಅಷ್ಟು ದೊಡ್ಡವರ ಕೈಯೇ ಹೀಗಾದರೆ ಮಕ್ಕಳ ಕೈಯ ಬಗ್ಗೆ ನಾವು ಇನ್ನೆಷ್ಟು ಎಚ್ಚರವಾಗಿರಬೇಕು! ನನ್ನ ತರಗತಿಯಲ್ಲಿ ಈಗ ನೋವು ಎಂದ ಕೂಡಲೇ ವಾದ್ಯ ಮುಚ್ಚುತ್ತೇವೆ. ನೋವು ಮತ್ತೆ ಬಂದರೆ, ಜುಮ್ಮೆಂದರೆ, ಬಲ ಕುಂದಿದರೆ ವೈದ್ಯರ ಹತ್ತಿರ ಕಳಿಸುತ್ತೇನೆ. ಆ ಹುಡುಗಿ ಗುಣವಾದಳು, ಆದರೆ ಪಿಯಾನೋಗೆ ಮರಳಲಿಲ್ಲ. ಅವಳ ನೋವನ್ನು ಆ ದಿನವೇ ನಂಬಿದ್ದರೆ ಮರಳುತ್ತಿದ್ದಳು ಎಂದು ನನಗೆ ಅನಿಸುತ್ತದೆ.

10. ಒಂದು ಕೈಯಂತೆ ಇನ್ನೊಂದಿಲ್ಲ.

ಹೆಬ್ಬೆರಳು ಕಿರುಬೆರಳ ತುದಿ ಜೋಡಿಸಿ ಮಣಿಕಟ್ಟು ತುಸು ಬಾಗಿಸಿದರೆ ಹಲವರಿಗೆ ಒಳಮೈಯ ನಡುವೆ ಒಂದು ರಜ್ಜು ಎದ್ದು ಕಾಣುತ್ತದೆ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಯಾವ ತೊಂದರೆಯೂ ಆಗುವುದಿಲ್ಲ. ಇನ್ನು ಕೆಲವರಿಗೆ ಕಿರುಬೆರಳ ನಡುಗೆಣ್ಣು ಉಂಗುರ ಬೆರಳನ್ನು ಬಿಟ್ಟು ಒಂಟಿಯಾಗಿ ಮಡಚಲು ಬರುವುದಿಲ್ಲ. ಇಂಥ ವ್ಯತ್ಯಾಸಗಳು ಒಬ್ಬರದ್ದೇ ಎಡಗೈ ಬಲಗೈಗಳ ನಡುವೆಯೂ ಇರಬಹುದು. ಇದನ್ನು ತಿಳಿಯುವ ಮೊದಲು ಪುಸ್ತಕದಲ್ಲಿ ಅಚ್ಚಾದ ಬೆರಳಂಕಿಯನ್ನು ಎಲ್ಲರ ಮೇಲೂ ಹೇರುತ್ತಿದ್ದೆ. ನಾಲ್ಕನೇ ಬೆರಳು ಎಂದಿದ್ದರೆ ನಾಲ್ಕೇ. ಅದು ಬಾರದ ಮಗು ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಮನೆಗೆ ಹೋಗುತ್ತಿತ್ತು. ಆ ಅಂಕಿಗಳು ಬೇರೆ ಯಾರದ್ದೋ ಕೈಗೆ ಒಪ್ಪಿದವು. ಈಗ ಮೊದಲ ಪಾಠದಲ್ಲಿ ಮಗುವಿನ ಎರಡೂ ಕೈ ನೋಡುತ್ತೇನೆ, ಯಾವ ಬೆರಳು ಎಷ್ಟು ಬಿಡುತ್ತದೆ ಎಂದು ಪರೀಕ್ಷಿಸುತ್ತೇನೆ. ಆಮೇಲೆ ಪುಸ್ತಕದ ಅಂಕಿಯ ಪಕ್ಕ ಅವರಿಗೆ ಹೊಂದುವ ಅಂಕಿಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇವೆ. ಕೈ ಬೆಳೆದಂತೆ ಅಳಿಸಿ ಬೇರೆ ಬರೆಯುತ್ತೇವೆ. ಕಲಿಸುವ ಗೆಳೆಯರಲ್ಲಿ ನನ್ನ ಕೋರಿಕೆ ಇದು: ಮಗು "ಬರ್ತಾ ಇಲ್ಲ" ಎಂದಾಗ ಇನ್ನಷ್ಟು ಅಭ್ಯಾಸ ಮಾಡು ಎನ್ನುವ ಮುಂಚೆ ಅದರ ಕೈ ಹಿಡಿದು ನೋಡಿ. ಎಷ್ಟೋ ಸಲ ಬದಲಾಗಬೇಕಾದದ್ದು ಮಗುವಲ್ಲ, ನಮ್ಮ ಪಾಠ.